ಯೌವನಸ್ಥರ ಕೂಟದಲ್ಲಿ ನಾಸ್ತಿಕರ ಪ್ರಶ್ನೆಗಳು: ನಾನು ನಡೆಸುವ ರೀತಿ

ಕೋಲಾರದ ನಮ್ಮ ಕ್ರೈಸ್ತ ಸಭೆಯ ಯೌವನಸ್ಥರ ಕೂಟಕ್ಕೆ ಬರುವವರಲ್ಲಿ ಪಿಯುಸಿ ವಿಜ್ಞಾನ, ಡಿಪ್ಲೊಮಾ, ನರ್ಸಿಂಗ್ ಓದುವವರೇ ಹೆಚ್ಚು. ಇವರಿಗೆ "ಸುಮ್ಮನೆ ನಂಬು" ಅಂದರೆ ಎದುರು ಮಾತಾಡುವುದಿಲ್ಲ. ಓದಿಗೋ ಕೆಲಸಕ್ಕೋ ಬೆಂಗಳೂರು ಸೇರಿದ ಮೇಲೆ ಸದ್ದಿಲ್ಲದೆ ಆರಾಧನೆಗೆ ಬರುವುದು ಬಿಡುತ್ತಾರೆ. ಅದಕ್ಕೇ ಪ್ರಶ್ನೆಗಳನ್ನು ನಾವೇ ಕರೆದು ಕೂರಿಸಿಕೊಳ್ಳಬೇಕು.

ಒಂದು ವಾರ ಮೊದಲೇ ಹೆಸರಿಲ್ಲದ ಚೀಟಿಗಳಲ್ಲಿ ಪ್ರಶ್ನೆ ಬರೆಸಿಕೊಳ್ಳುತ್ತೇನೆ. ಕೈ ಎತ್ತಿ ಕೇಳಿ ಅಂದರೆ ಅಪ್ಪ-ಅಮ್ಮ ಸಭೆಯಲ್ಲಿರುವ ಮಕ್ಕಳು ನಿಜವಾದ ಪ್ರಶ್ನೆ ಕೇಳುವುದಿಲ್ಲ. ಚೀಟಿಗಳನ್ನು ಬೇರೆ ಬೇರೆ ಮಾಡುವುದೇ ಅರ್ಧ ಕೆಲಸ. ಅಳೆದು ಪರೀಕ್ಷಿಸಬಹುದಾದದ್ದು ಒಂದು ಕಡೆ, ಸತ್ಯವೇದದ (ಬೈಬಲ್ಲಿನ) ಭಾಗವನ್ನು ಹೇಗೆ ಓದಬೇಕು ಅನ್ನುವುದು ಇನ್ನೊಂದು ಕಡೆ, ತತ್ವದ ಪ್ರಶ್ನೆ ಮತ್ತೊಂದು ಕಡೆ. ನೋವಿನಿಂದ ಬಂದ ಪ್ರಶ್ನೆಗಳನ್ನು ಕೂಟಕ್ಕೆ ತರುವುದೇ ಇಲ್ಲ. "ದೇವರಿದ್ದರೆ ನಮ್ಮಕ್ಕನ ಮಗು ಯಾಕೆ ಸತ್ತಿತು" ಅನ್ನುವ ಚೀಟಿಗೆ ಹಲಗೆಯ ಮೇಲೆ ಉತ್ತರ ಬರೆಯಬಾರದು. ಬರೆದವರು ತಾವಾಗಿ ಬಂದರೆ ಸತ್ಯವೇದದಲ್ಲಿ ನೋವಿನ ಮೊರೆಯಿರುವ ಯೋಬನ ಪುಸ್ತಕವನ್ನೋ 88ನೇ ಕೀರ್ತನೆಯನ್ನೋ ಜೊತೆಗೆ ಕೂತು ಓದಬಹುದು. ನಾಸ್ತಿಕರ ವಾದಗಳಲ್ಲಿ ಅತಿ ಬಲವಾದದ್ದು ಇದೇ ಎಂದು ನಾನು ಒಪ್ಪುತ್ತೇನೆ, ಹಾಗೆಂದು ಬಾಯಿಬಿಟ್ಟು ಹೇಳುತ್ತೇನೆ.

ಕೂಟ 90 ನಿಮಿಷ. ಮೊದಲ 20 ನಿಮಿಷ ನಮ್ಮವರೇ ಒಬ್ಬರು ನಾಸ್ತಿಕರ ವಾದ ಮಂಡಿಸಬೇಕು. ಒಂದೇ ಷರತ್ತು: ವಿಚಾರವಾದಿಯೊಬ್ಬರು ಅಲ್ಲಿ ಕೂತಿದ್ದರೆ "ಹೌದು, ನಾನು ಹೇಳುವುದು ಇದನ್ನೇ" ಅನ್ನಬೇಕು. ದುರ್ಬಲ ಮಾಡಿ ಹೇಳಿದರೆ ಮತ್ತೆ ಹೇಳಿಸುತ್ತೇನೆ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರನ್ನು ಇಲ್ಲಿ ತಪ್ಪದೆ ನೆನೆಯುತ್ತೇವೆ. ಭೌತಶಾಸ್ತ್ರದ ಮೇಷ್ಟ್ರು, ಗಾಂಧಿವಾದಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದವರು. ಪ್ರಶ್ನೆ ಮಾಡುವವರು ನಡತೆಗೆಟ್ಟವರು ಅನ್ನುವ ಮಾತು ಅವರ ಬದುಕಿನ ಮುಂದೆ ನಿಲ್ಲುವುದಿಲ್ಲ.

ಹೆಚ್ಚು ಸಮಯ ಬೇಡುವುದು ಭೂಮಿಯ ವಯಸ್ಸು. ಅಂತರಗಂಗೆ ಬೆಟ್ಟದ ತಪ್ಪಲಿನಿಂದ ಮುಷ್ಟಿಗಾತ್ರದ ಕಲ್ಲೊಂದನ್ನು ತಂದು ಕೈಯಿಂದ ಕೈಗೆ ದಾಟಿಸುತ್ತೇನೆ. ಬಿಳಿ ಹರಳು, ನಡುವೆ ಕಪ್ಪು ಅಭ್ರಕದ ಎಳೆ, ಬಿಸಿಲಿಗೆ ಹಿಡಿದರೆ ಮಿನುಗು. ಕೋಲಾರದ ಸುತ್ತಿನ ಈ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ. ಕೂಡಲೇ ಯಾರಾದರೂ "ಕಾರ್ಬನ್ ಡೇಟಿಂಗ್ ಅಷ್ಟು ಹಿಂದಕ್ಕೆ ಹೋಗುವುದಿಲ್ಲವಲ್ಲ" ಅನ್ನುತ್ತಾರೆ. ಸರಿಯಾದ ಮಾತು. ಕಾರ್ಬನ್-14ರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕರಗುವ ಕಾಲ, 5,730 ವರ್ಷ; ಸುಮಾರು 50 ಸಾವಿರ ವರ್ಷ ದಾಟಿದರೆ ಅಳೆಯಲು ಏನೂ ಉಳಿಯುವುದಿಲ್ಲ. ಆದ್ದರಿಂದಲೇ ಬಂಡೆಗೆ ಅದನ್ನು ಬಳಸುವುದಿಲ್ಲ. ಬಂಡೆಯೊಳಗಿನ ಜಿರ್ಕಾನ್ ಹರಳಿನಲ್ಲಿರುವ ಯುರೇನಿಯಂ ಸೀಸವಾಗುವುದನ್ನು ಅಳೆಯುತ್ತಾರೆ. ಯುರೇನಿಯಂ-238ರ ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ, 235ರದ್ದು ಸುಮಾರು 70 ಕೋಟಿ. ಒಂದೇ ಹರಳಿನಲ್ಲಿ ಬೇರೆ ಬೇರೆ ವೇಗದ ಎರಡು ಗಡಿಯಾರ. ಹರಳಿನಿಂದ ಸೀಸ ಸೋರಿಹೋಗಿದ್ದರೆ ಎರಡೂ ಬೇರೆ ಬೇರೆ ವಯಸ್ಸು ತೋರಿಸಿ ಗುಟ್ಟು ಬಿಟ್ಟುಕೊಡುತ್ತವೆ. ಒಂದೇ ವಯಸ್ಸು ಹೇಳಿದರೆ "ಆಗ ನೀವು ಇದ್ದಿರಾ" ಅನ್ನುವ ಮಾತಿಗೆ ಬಲವಿಲ್ಲ.

ಆಮೇಲೆ ಸತ್ಯವೇದದ ಸೃಷ್ಟಿಯ ಕಥೆ, ಆದಿಕಾಂಡ 1ನೇ ಅಧ್ಯಾಯ. ಹಲಗೆಯಲ್ಲಿ ಎರಡು ಸಾಲು ಬರೆಯುತ್ತೇನೆ. 1ನೇ ದಿನ ಬೆಳಕು, 4ನೇ ದಿನ ಸೂರ್ಯ ಚಂದ್ರ. 2ನೇ ದಿನ ಆಕಾಶ ಮತ್ತು ನೀರು, 5ನೇ ದಿನ ಪಕ್ಷಿ ಮೀನು. 3ನೇ ದಿನ ನೆಲ, 6ನೇ ದಿನ ಪ್ರಾಣಿ, ಮನುಷ್ಯ. ಮೊದಲು ಜಾಗ, ಆಮೇಲೆ ಅದನ್ನು ತುಂಬುವವರು. ಬರೆದವರ ಗಮನ ಕ್ರಮದ ಮೇಲಿದೆ, ಕ್ಯಾಲೆಂಡರಿನ ಮೇಲಲ್ಲ. "ವಿಜ್ಞಾನ ಬಂದ ಮೇಲೆ ಅರ್ಥ ತಿರುಚಿದಿರಿ" ಅನ್ನುವ ಆಕ್ಷೇಪ ಬಂದೇ ಬರುತ್ತದೆ. ಸೂರ್ಯನಿಲ್ಲದೆ ಮೊದಲ ಮೂರು ದಿನ ಹೇಗಾದವು ಎಂದು 3ನೇ ಶತಮಾನದಲ್ಲೇ ಕ್ರೈಸ್ತ ಪಂಡಿತ ಓರಿಜನ್ ಕೇಳಿದ್ದರು. 430ರಲ್ಲಿ ತೀರಿಕೊಂಡ ಬಿಷಪ್ ಅಗಸ್ಟೀನ್, ಸೂರ್ಯ-ಚಂದ್ರರ ವಿಷಯದಲ್ಲಿ ಕ್ರೈಸ್ತರು ತಿಳಿಯದೆ ಮಾತಾಡಿ ಧರ್ಮಗ್ರಂಥವನ್ನೇ ನಗೆಪಾಟಲು ಮಾಡಬಾರದು ಎಂದು ಎಚ್ಚರಿಸಿದ್ದರು. ಕ್ರಿ.ಪೂ. 4004ರಲ್ಲಿ ಸೃಷ್ಟಿಯಾಯಿತು ಎಂದು ಐರ್ಲೆಂಡಿನ ಆರ್ಚ್‌ಬಿಷಪ್ ಅಷರ್ ಲೆಕ್ಕ ಹಾಕಿದ್ದು 17ನೇ ಶತಮಾನದಲ್ಲಿ. ಅಕ್ಷರಶಃ ಆರು ದಿನ ಅನ್ನುವ ಹಿರಿಯರೂ ನಮ್ಮ ಸಭೆಯಲ್ಲಿದ್ದಾರೆ. ಅವರ ಮಾತಿಗೂ ಸಮಯ ಕೊಡುತ್ತೇನೆ, ಕಲ್ಲಿನ ವಯಸ್ಸನ್ನು ಮಾತ್ರ ಕಡಿಮೆ ಮಾಡುವುದಿಲ್ಲ.

ನಮ್ಮ ಹುಡುಗರು ಇಷ್ಟಪಟ್ಟು ಹೇಳುವ ಒಂದು ವಾದವನ್ನು ನಾನೇ ತಡೆಯುತ್ತೇನೆ. ಕೆಜಿಎಫ್ ಗಣಿಯಲ್ಲಿ, ಸುಮಾರು 2.3 ಕಿ.ಮೀ. ಆಳದಲ್ಲಿ, 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳನ್ನು ಪತ್ತೆಹಚ್ಚಿದರು. "ಕಣ್ಣಿಗೆ ಕಾಣದ ನ್ಯೂಟ್ರಿನೊ ಇದೆ, ಹಾಗೇ ದೇವರೂ ಇದ್ದಾನೆ" ಅನ್ನುವುದು ಅವರ ಮಾತು. ಇದು ಸಲ್ಲದು. ಮೇಲಿನಿಂದ ಸುರಿಯುವ ಬೇರೆ ಕಣಗಳನ್ನು ಬಂಡೆ ತಡೆಯುತ್ತದೆ, ನ್ಯೂಟ್ರಿನೊ ದಾಟಿ ಬರುತ್ತದೆ ಎಂದು ಮೊದಲೇ ಲೆಕ್ಕ ಹಾಕಿದ್ದರು, ಗುರುತು ಸಿಕ್ಕಿತು. ಅದೇ ಗಣಿಯಲ್ಲಿ 1980ರ ದಶಕದಲ್ಲಿ ಪ್ರೋಟಾನ್ ಒಡೆಯುತ್ತದೆಯೇ ಎಂದೂ ಹುಡುಕಿದರು. ಕೆಲವು ಗುರುತುಗಳು ಹಾಗೆ ಕಂಡರೂ ಬೇರೆ ದೇಶಗಳ ದೊಡ್ಡ ಉಪಕರಣಗಳಲ್ಲಿ ಅದು ದೃಢಪಡಲಿಲ್ಲ. ದೇವರನ್ನು ಆ ಸಾಲಿಗೆ ಸೇರಿಸಿದರೆ ಉಪಕರಣ ಖಾಲಿ ಬಂದ ದಿನ ದೇವರೂ ಇಲ್ಲವಾಗಬೇಕು. ಕ್ರೈಸ್ತ ನಂಬಿಕೆಯ ಪ್ರಕಾರ ದೇವರು ಜಗತ್ತಿನೊಳಗಿನ ಇನ್ನೊಂದು ವಸ್ತುವಲ್ಲ, ಜಗತ್ತು ಇರುವುದಕ್ಕೇ ಕಾರಣ. ಆ ವಾದವನ್ನು 13ನೇ ಶತಮಾನದ ಕ್ರೈಸ್ತ ತತ್ವಜ್ಞಾನಿ ಅಕ್ವಿನಾಸರ ದಾರಿಯಲ್ಲಿ, ತತ್ವವಾಗಿಯೇ ಮಂಡಿಸಬೇಕು. ಮಹಾಸ್ಫೋಟವನ್ನು ಸೃಷ್ಟಿಗೆ ಪುರಾವೆ ಮಾಡುವುದೂ ಬೇಡ. ಆ ಸಿದ್ಧಾಂತಕ್ಕೆ ಅಡಿಪಾಯ ಹಾಕಿದ ಲೆಮೈತ್ರ್ ಸ್ವತಃ ಪಾದ್ರಿ. 1951ರಲ್ಲಿ ಪೋಪ್ 12ನೇ ಪಯಸ್ ಹಾಗೆ ಮಾತಾಡಿದ್ದು ಅವರಿಗೇ ಹಿಡಿಸಲಿಲ್ಲ. ಪರೀಕ್ಷೆಗೆ ಒಡ್ಡಿಕೊಳ್ಳುವ ಮಾತು ನಮ್ಮಲ್ಲಿಯೂ ಇದೆ: ಕ್ರಿಸ್ತನು ಎದ್ದುಬರದಿದ್ದರೆ ನಮ್ಮ ಸಾರೋಣವೇ (ಬೋಧನೆಯೇ) ವ್ಯರ್ಥ ಎನ್ನುತ್ತಾನೆ ಪೌಲ, 1 ಕೊರಿಂಥ 15ರಲ್ಲಿ. ಅದು ಇತಿಹಾಸದ ಪ್ರಶ್ನೆ, ಸಾಕ್ಷಿಗಳನ್ನು ತೂಗಿ ನೋಡುವ ಪ್ರಶ್ನೆ. ಅದಕ್ಕೆ ಬೇರೆಯೇ ಒಂದು ಕೂಟ ಇಡುತ್ತೇನೆ.

ಪ್ರಾರ್ಥನೆಯಿಂದ ರೋಗ ಗುಣವಾಯಿತು ಎನ್ನುವ ಸಾಕ್ಷಿಗಳ ವಿಷಯದಲ್ಲಿ ಒಂದು ಹಾಳೆ ಇಟ್ಟಿದ್ದೇನೆ. ರೋಗ ಯಾವುದು, ಯಾವ ಡಾಕ್ಟರ್ ಹೇಳಿದ್ದು, ರಿಪೋರ್ಟಿನ ತಾರೀಖು, ಆಗ ನಡೆಯುತ್ತಿದ್ದ ಔಷಧಿ, ಪ್ರಾರ್ಥನೆಯ ನಂತರದ ರಿಪೋರ್ಟ್, ಒಂದು ವರ್ಷದ ನಂತರದ ಸ್ಥಿತಿ. ಫ್ರಾನ್ಸಿನ ಯಾತ್ರಾಸ್ಥಳ ಲೂರ್ದಿನಲ್ಲಿ ಕ್ಯಾಥೊಲಿಕ್ ಸಭೆ ಇದಕ್ಕಿಂತ ಬಿಗಿಯಾಗಿ ನೋಡುತ್ತದೆ. ಸಾವಿರಾರು ಹೇಳಿಕೆಗಳಲ್ಲಿ ಒಪ್ಪಿರುವುದು 70ರ ಆಸುಪಾಸು ಮಾತ್ರ. ಹಾಳೆ ತುಂಬದಿದ್ದರೆ ದೇವರಿಗೆ ಸ್ತೋತ್ರ ಹೇಳಬಹುದು, ಪುರಾವೆ ಅನ್ನಬಾರದು. ಇಲ್ಲಿ ತಪ್ಪಿದರೆ ಜೀವಕ್ಕೇ ಅಪಾಯ. ಟಿಬಿ ಮಾತ್ರೆ ಎರಡು ತಿಂಗಳಿಗೇ ಕೆಮ್ಮು ನಿಲ್ಲಿಸುತ್ತದೆ. ಗುಣವಾಯಿತೆಂದು ಆರು ತಿಂಗಳ ಕೋರ್ಸ್ ಬಿಟ್ಟರೆ ರೋಗ ಮರಳುತ್ತದೆ, ಔಷಧಿಗೆ ಬಗ್ಗದ ಟಿಬಿಯೂ ಆಗಬಹುದು. ಮೂರ್ಛೆರೋಗದ ಮಾತ್ರೆ, ಇನ್ಸುಲಿನ್ ನಿಲ್ಲಿಸಿದರೂ ಹಾಗೇ ಅಪಾಯ. ಕೋಲಾರಕ್ಕೆ ಮಿಷನ್ ಆಸ್ಪತ್ರೆ ಕಟ್ಟಿದವರು ಪ್ರಾರ್ಥನೆಯನ್ನೂ ಬಿಡಲಿಲ್ಲ, ಔಷಧಿಯನ್ನೂ ಬಿಡಲಿಲ್ಲ.

ಕೊನೆಯ 10 ನಿಮಿಷ ಉಳಿದ ಚೀಟಿಗಳಿಗೆ. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ" ಎಂದು ಚೀಟಿಯ ಹಿಂದೆ ಬರೆದು, ಮುಂದಿನ ತಿಂಗಳಿಗೆ ಓದಿಕೊಂಡು ಬರುವವರ ಹೆಸರು ಹಾಕಿಡುತ್ತೇವೆ. ನಂಬಿಕೆಯಿಲ್ಲ ಎಂದು ಬಾಯಿಬಿಟ್ಟು ಹೇಳಿದವರಿಗೂ ಈ ಕೆಲಸ ಕೊಡುತ್ತೇನೆ. ಅವರಷ್ಟು ಶ್ರದ್ಧೆಯಿಂದ ಓದಿಕೊಂಡು ಬರುವವರು ಕಡಿಮೆ.