ಜೇಕಿನ ಗಡ್ಡೆಯನ್ನು ಔಷಧಿಗಾಗಿ ಅಗೆದು ಸಂಸ್ಕರಿಸುವ ಕ್ರಮ

ಸಿಂಧನೂರು, ಗಂಗಾವತಿ, ಸಿರುಗುಪ್ಪ ಭಾಗದ ನೀರಾವರಿ ಹೊಲಗಳಲ್ಲಿ ರೈತರು ಆಳು ಹಚ್ಚಿ ಕೀಳಿಸುವ ಜೇಕು ಆಯುರ್ವೇದದಲ್ಲಿ ಭದ್ರಮುಷ್ಟಿ ಎಂದೂ ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ಶಿಯಾಂಗ್‌ಫು ಎಂದೂ ಹೆಸರಾದ ಸುಗಂಧ ಮೂಲಿಕೆ. ನಮ್ಮ ವೈದ್ಯರು ಇದನ್ನು ಜ್ವರ, ಅಜೀರ್ಣ, ಭೇದಿಗೆ ಬಳಸಿದರೆ, ಚೀನೀ ವೈದ್ಯರು ಮುಖ್ಯವಾಗಿ ಮುಟ್ಟಿನ ನೋವು, ಪಕ್ಕೆನೋವು ಮತ್ತು ಹೊಟ್ಟೆಯುಬ್ಬರಕ್ಕೆ ಕೊಡುತ್ತಾರೆ.

ಎಲ್ಲಿ ಅಗೆಯಬೇಕು ಎಂಬುದನ್ನು ಮೊದಲು ನಿರ್ಧರಿಸಬೇಕು, ಏಕೆಂದರೆ ಉಳಿದ ಶ್ರಮವೆಲ್ಲ ಅದರ ಮೇಲೆಯೇ ನಿಂತಿದೆ. ಭತ್ತದ ಗದ್ದೆ, ಹತ್ತಿ ಹೊಲ ಹಾಗೂ ಅವುಗಳ ಬದುಗಳಲ್ಲಿ ಕಳೆನಾಶಕ, ಕೀಟನಾಶಕ ಬಿದ್ದಿರುವುದರಿಂದ, ಅಲ್ಲಿ ಗಡ್ಡೆ ಎಷ್ಟೇ ದಪ್ಪವಾಗಿ ಸಿಕ್ಕರೂ ಔಷಧಿಗೆ ತೆಗೆದುಕೊಳ್ಳಬಾರದು. ಚರಂಡಿಯ ಅಂಚೂ ಬೇಡ. ಯಾವ ಔಷಧವನ್ನೂ ಹೊಡೆಯದ ಹಿತ್ತಲು ಅಥವಾ ಕೈತೋಟ ಸೂಕ್ತ. ಅಂಥ ಜಾಗವಿಲ್ಲದವರು ನಾಲ್ಕು ಗಡ್ಡೆಗಳನ್ನು ಹಳೆಯ ಬಕೆಟ್ಟಿನಲ್ಲಿ ನೆಟ್ಟುಕೊಳ್ಳುವುದೇ ಲೇಸು.

ಕಾಂಡವನ್ನು ಬೆರಳ ನಡುವೆ ಹೊರಳಿಸಿದಾಗ ಮೂರು ಮೂಲೆಗಳು ತಿಳಿಯಬೇಕು, ತೆನೆ ಕೆಂಗಂದು ಬಣ್ಣದ್ದಾಗಿರಬೇಕು ಮತ್ತು ಗಡ್ಡೆಗಳು ತೆಳುವಾದ ಬೇರಿನಲ್ಲಿ ಸರಪಳಿಯಂತೆ ಒಂದರ ಹಿಂದೊಂದು ಬರಬೇಕು. ತೆನೆ ಹಳದಿಯಾಗಿದ್ದು, ಬೇರಿನ ತುದಿಯಲ್ಲಿ ಒಂಟಿ ಗಡ್ಡೆ ಇದ್ದರೆ ಅದು ಬೇರೆ ಜಾತಿ. ಮುರಿದು ಮೂಸಿದಾಗ ಕರ್ಪೂರದ ಛಾಯೆಯ ಘಮ ಏಳದ ಗಡ್ಡೆಯನ್ನು ಬಿಟ್ಟುಬಿಡಬೇಕು.

ಮಳೆಗಾಲ ಮುಗಿದು ಎಲೆ ಹಳದಿಯಾಗುವಾಗ ಅಗೆದು, ಮಣ್ಣು ಹೋಗುವವರೆಗೆ ತೊಳೆದು, ನೀರು ಆರಿದ ಮೇಲೆ ಗೋಣಿಚೀಲದಲ್ಲಿ ಹಾಕಿ ಉಜ್ಜಿದರೆ ಕೂದಲಿನಂಥ ಬೇರುಗಳು ಉದುರುತ್ತವೆ. ಗಡ್ಡೆಯ ಗುಣಕ್ಕೂ ಘಮಕ್ಕೂ ಮುಖ್ಯ ಕಾರಣ ಬೇಗನೆ ಆವಿಯಾಗುವ ಎಣ್ಣೆಯಾದ್ದರಿಂದ, ನಮ್ಮ ರಾಯಚೂರು, ಬಳ್ಳಾರಿಯ ಮಧ್ಯಾಹ್ನದ ಬಿಸಿಲಿನಲ್ಲಿ ಬಿಡದೆ, ಬೆಳಗಿನ ಎಳೆ ಬಿಸಿಲಿನಲ್ಲಿಯೂ ಬಳಿಕ ಗಾಳಿಯಾಡುವ ನೆರಳಿನಲ್ಲಿಯೂ ಒಣಗಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ. ಕುಟ್ಟಿದಾಗ ಬಗ್ಗದೆ ಒಡೆದರೆ ಒಣಗಿದೆಯೆಂದು ತಿಳಿದು, ಇಡಿಯಾಗಿಯೇ ಗಾಜಿನ ಭರಣಿಯಲ್ಲಿಟ್ಟು, ಬೇಕಾದಾಗಷ್ಟೇ ಪುಡಿ ಮಾಡಿಕೊಳ್ಳಬೇಕು.

ಮುಟ್ಟಿನ ನೋವಿಗೆ ಬಳಸುವಾಗ ಚೀನೀಯರು ಇದನ್ನು ಅಕ್ಕಿಯ ವಿನೆಗರಿನಲ್ಲಿ ಸಂಸ್ಕರಿಸುತ್ತಾರೆ: 100 ಗ್ರಾಂ ಗಡ್ಡೆಯ ತುಣುಕುಗಳಿಗೆ 20 ಗ್ರಾಂ ವಿನೆಗರ್ ಕಲಸಿ, ಅದು ಪೂರ್ತಿ ಹೀರಿಕೊಳ್ಳುವವರೆಗೆ ಮುಚ್ಚಿಟ್ಟು, ಸಣ್ಣ ಉರಿಯಲ್ಲಿ ತೇವ ಆರುವಂತೆ ಹುರಿದು ತಣಿಸುತ್ತಾರೆ. ಅಲ್ಲಿ ಕಷಾಯಕ್ಕೆ ದಿನಕ್ಕೆ ಬಳಸುವ ಒಣ ಗಡ್ಡೆ 6ರಿಂದ 10 ಗ್ರಾಂ. ಗರ್ಭಿಣಿಯರು, ಮಲಬದ್ಧತೆ ಇರುವವರು ಮತ್ತು ನಿತ್ಯ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ಮಕ್ಕಳಿಗೆ ಭೇದಿಯಾದಾಗ ಈ ಕಷಾಯವನ್ನು ನಂಬಿ ಕೂರದೆ, ಓಆರ್‌ಎಸ್ ಕುಡಿಸುತ್ತ ಆಸ್ಪತ್ರೆಗೆ ಕರೆದೊಯ್ಯಬೇಕು.

ಆರಿಸಿ ಉಳಿದ ಹಸಿ ಗಡ್ಡೆಗಳನ್ನು ತಿಪ್ಪೆಗೆ ಎಸೆದರೆ ಗೊಬ್ಬರದೊಂದಿಗೆ ಹೊಲ ಸೇರಿ ಮತ್ತೆ ಚಿಗುರುತ್ತವೆಯಾದ್ದರಿಂದ, ಅವುಗಳನ್ನು ಬಂಡೆಯ ಮೇಲೆ ಕಡು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಸುಟ್ಟುಬಿಡಬೇಕು.