ಸೂಪರ್‌ಚಾರ್ಜರ್ ಕೂರಿಸಿದ ಮೇಲೂ ಹಳೇ ಪಿಸಿಎಂ ಉಳಿಸಿಕೊಂಡ ಕಥೆ

ನನ್ನದು 2002ರ ಷೆವಿ ಸಿಲ್ವರಾಡೋ ಪಿಕಪ್ ಟ್ರಕ್. 5.3 ಲೀಟರ್ ಎಲ್‌ಎಂ7 ವಿ8 ಇಂಜಿನ್, 4ಎಲ್60ಇ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಇರುವುದು ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಹತ್ತಿರ. ಇದಕ್ಕೆ ಸೆಕೆಂಡ್ ಹ್ಯಾಂಡ್ ಮ್ಯಾಗ್ನಸನ್ ಸೂಪರ್‌ಚಾರ್ಜರ್ ಹಾಕಿದೆ, ಅಂದರೆ ಇಂಜಿನ್‌ಗೆ ಹೆಚ್ಚು ಗಾಳಿ ಒತ್ತಿ ತುಂಬುವ ಬ್ಲೋವರ್. ಒಳಗೆ ಈಟನ್ ಎಂಪಿ112 ರೋಟರ್‌ಗಳು, ಬೂಸ್ಟ್ (ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡ) ಸುಮಾರು 7 ಪಿಎಸ್‌ಐ, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇಲ್ಲ. ಬೋಲ್ಟ್ ಬಿಗಿಯುವ ಕೆಲಸ ತಾಳ್ಮೆ ಇದ್ದರೆ ಯಾರು ಬೇಕಾದರೂ ಮಾಡಬಹುದು. ನನ್ನ ತಲೆ ತಿಂದಿದ್ದು ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್. ಈ ಟ್ರಕ್‌ನಲ್ಲಿ ಅದಕ್ಕೆ ಪಿಸಿಎಂ ಅನ್ನುತ್ತಾರೆ.

ಮುಂದಿದ್ದ ದಾರಿ ಮೂರು. ಮೆಗಾಸ್ಕ್ವರ್ಟ್ ಎಂಎಸ್3 ತರಹದ ಬೇರೆ ಇಸಿಯು ತಂದು ವೈರಿಂಗ್ ನಾನೇ ಮಾಡಿಕೊಳ್ಳುವುದು. ಹಾಲಿ (Holley) ಕಂಪನಿಯ ಟರ್ಮಿನೇಟರ್ ಎಕ್ಸ್ ಅನ್ನುವ ಇಸಿಯು ತೆಗೆದುಕೊಳ್ಳುವುದು. ಇಲ್ಲ, ಕಂಪನಿಯಿಂದ ಬಂದ ಪಿಸಿಎಂ ಅನ್ನೇ ಎಚ್‌ಪಿ ಟ್ಯೂನರ್ಸ್ ಅಥವಾ ಇಎಫ್‌ಐ ಲೈವ್ ಸಾಫ್ಟ್‌ವೇರ್ ಇಟ್ಟುಕೊಂಡು ತಿದ್ದುವುದು. ಗೆಳೆಯರೆಲ್ಲ ಹೊಸದನ್ನೇ ಹಾಕು ಅಂದರು. ಹೊಸದರಲ್ಲಿ ಟಚ್ ಸ್ಕ್ರೀನ್ ಇದೆ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಜೊತೆಗೇ ಬರುತ್ತದೆ, ಆಸೆ ಆಗದೇ ಇರುತ್ತದಾ?

ಆದರೆ ಈ ಟ್ರಕ್‌ನಲ್ಲಿ ಗೇರ್‌ಬಾಕ್ಸ್ ಕೂಡ ಅದೇ ಪಿಸಿಎಂ ಮಾತು ಕೇಳುತ್ತದೆ. ಮೆಗಾಸ್ಕ್ವರ್ಟ್ ಹಾಕಿದರೆ 4ಎಲ್60ಇಗೆ ಬೇರೆ ಕಂಟ್ರೋಲರ್ ಹುಡುಕಬೇಕು. ಟರ್ಮಿನೇಟರ್‌ನಲ್ಲಿ ಮ್ಯಾಕ್ಸ್ ಅನ್ನುವ ಮಾಡೆಲ್ ಗೇರ್‌ಬಾಕ್ಸ್ ನಡೆಸುತ್ತದೆ, ಬೆಲೆ ಜಾಸ್ತಿ. ಅದೂ ಇರಲಿ ಅಂದರೆ ಹೊಗೆ ತಪಾಸಣೆ ಇದೆ. ಇಲ್ಲಿನ ಕೌಂಟಿಗಳಲ್ಲಿ 2ರಿಂದ 24 ವರ್ಷದ ಪೆಟ್ರೋಲ್ ಗಾಡಿಗೆ ತಪಾಸಣೆ ಉಂಟು, ಓಬಿಡಿ ಅನ್ನುವ ದೋಷ ಪತ್ತೆಯ ಪೋರ್ಟ್‌ಗೆ ಕೇಬಲ್ ಚುಚ್ಚಿ ನೋಡುತ್ತಾರೆ. ಆ ಪೋರ್ಟ್‌ನಲ್ಲಿ ಉತ್ತರ ಕೊಡುವವರೇ ಇಲ್ಲದಿದ್ದರೆ ರಿಜಿಸ್ಟ್ರೇಷನ್ ನಿಂತಂತೆಯೇ. ಹಾಗಾಗಿ ನೀಲಿ, ಕೆಂಪು ಕನೆಕ್ಟರ್‌ನ ಹಳೇ ಡಬ್ಬಿಯೇ ಗೆದ್ದಿತು.

ಹಾಗಂತ ಅದು ಇದ್ದ ಹಾಗೇ ಸಾಕಾಗುವುದಿಲ್ಲ. ಇಂಜಿನ್‌ಗೆ ಗಾಳಿ ಹೋಗುವ ಮ್ಯಾನಿಫೋಲ್ಡ್‌ನ ಒತ್ತಡ ಅಳೆಯುವ ಇದರ ಮ್ಯಾಪ್ ಸೆನ್ಸರ್ 1 ಬಾರ್‌ನದು, ಸಿಲಿಂಡರ್‌ಗೆ ಎಷ್ಟು ಗಾಳಿ ತುಂಬುತ್ತದೆ ಅಂತ ಹೇಳುವ ವಿಇ ಟೇಬಲ್ 105 ಕಿಲೋಪಾಸ್ಕಲ್‌ಗೆ ಮುಗಿಯುತ್ತದೆ. ಅದರಾಚೆ ಬೂಸ್ಟ್ ಎಷ್ಟಿದೆ ಅಂತ ಪಿಸಿಎಂಗೆ ಕಾಣುವುದೇ ಇಲ್ಲ. "ಮ್ಯಾಫ್ ಸೆನ್ಸರ್ ಇದೆಯಲ್ಲ, ಗಾಳಿ ಅದು ಅಳೆಯುತ್ತದೆ ಬಿಡು" ಅನ್ನುವವರು ತುಂಬಾ ಜನ. ಅರ್ಧ ನಿಜ. ಈ ಪಿಸಿಎಂ 4000 ಆರ್‌ಪಿಎಂ ಮೇಲೆ ಮಾತ್ರ ಮ್ಯಾಫ್ ಒಂದನ್ನೇ ನಂಬುತ್ತದೆ. ಅದಕ್ಕಿಂತ ಕೆಳಗೆ ಮ್ಯಾಫ್ ಮತ್ತು ವಿಇ ಎರಡನ್ನೂ ಬೆರೆಸಿ ಲೆಕ್ಕ ಹಾಕುತ್ತದೆ. ಸೆಂಟ್ರಿಫ್ಯೂಗಲ್ ಬ್ಲೋವರ್ ಆದರೆ ಬೂಸ್ಟ್ ಬರುವುದೇ ಮೇಲಿನ ಆರ್‌ಪಿಎಂನಲ್ಲಿ, ನಡೆದುಹೋಗುತ್ತದೆ. ನನ್ನದು ರೂಟ್ಸ್, ಅಂದರೆ ಎರಡು ರೋಟರ್‌ಗಳು ತಿರುಗಿ ಗಾಳಿ ತಳ್ಳುವ ಬಗೆ. 2000 ಆರ್‌ಪಿಎಂನಲ್ಲೇ ಬೂಸ್ಟ್ ತುಂಬಿಬಿಡುತ್ತದೆ, ಅಂದರೆ ಸರಿಯಾಗಿ ಆ ಬೆರಕೆ ಲೆಕ್ಕದ ಜಾಗದಲ್ಲಿ. ಅದಕ್ಕೇ 2 ಬಾರ್ ಮ್ಯಾಪ್ ಸೆನ್ಸರ್ ಹಾಕಿ, ಅದಕ್ಕೆ ಹೊಂದುವ ಕಸ್ಟಮ್ ಆಪರೇಟಿಂಗ್ ಸಿಸ್ಟಮ್ ಅನ್ನು ಪಿಸಿಎಂಗೆ ಬರೆದೆ.

ಇಂಧನ ಚಿಮ್ಮಿಸುವ ಇಂಜೆಕ್ಟರ್ ಕೂಡ ಬದಲಾಯಿಸಲೇಬೇಕು. 400 ಹಾರ್ಸ್‌ಪವರ್ ಗುರಿ ಇಟ್ಟುಕೊಂಡರೆ ಒಂದೊಂದು ಸಿಲಿಂಡರ್‌ಗೆ ಗಂಟೆಗೆ ಸುಮಾರು 35 ಪೌಂಡ್ ಹರಿಸುವ ಇಂಜೆಕ್ಟರ್ ಬೇಕು, ನಾನು 42ರದು ತೆಗೆದುಕೊಂಡೆ. ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ. ವೋಲ್ಟೇಜ್‌ಗೆ ತಕ್ಕಂತೆ ತೆರೆಯಲು ಎಷ್ಟು ತಡವಾಗುತ್ತದೆ ಅನ್ನುವ ಆಫ್‌ಸೆಟ್ ಟೇಬಲ್ ಕೊಡದ ಇಂಜೆಕ್ಟರ್ ಸುಮ್ನೆ ತಲೆನೋವು, ಐಡಲ್ ಯಾವತ್ತೂ ನೆಟ್ಟಗಾಗುವುದಿಲ್ಲ. ಇನ್ನು ಕೆಲವರು ಇಂಜೆಕ್ಟರ್ ಸೈಜನ್ನೇ ಸುಳ್ಳು ಬರೆದು ಇಂಧನ ಸರಿ ಮಾಡುತ್ತಾರೆ. ಆಗ ಗಾಳಿಯ ಲೆಕ್ಕವೂ ಸುಳ್ಳಾಗುತ್ತದೆ. ಈ ಪಿಸಿಎಂ ಸ್ಪಾರ್ಕ್ ಟೈಮಿಂಗ್ (ಕಿಡಿ ಯಾವಾಗ ಹಾರಬೇಕು ಅನ್ನುವುದು) ನೋಡುವುದು ಅದೇ ಲೆಕ್ಕದಿಂದ, ಗೇರ್‌ಬಾಕ್ಸ್‌ನ ಲೈನ್ ಪ್ರೆಷರ್ (ಕ್ಲಚ್ ಹಿಡಿದಿಡುವ ಎಣ್ಣೆಯ ಒತ್ತಡ) ಇಡುವುದೂ ಅದೇ ಲೆಕ್ಕದಿಂದ. ಕಡಿಮೆ ಗಾಳಿ ಅಂತ ತಿಳಿದರೆ ಪ್ರೆಷರ್ ಕಡಿಮೆ ಇಡುತ್ತದೆ, ಕ್ಲಚ್ ಜಾರುತ್ತದೆ. 4ಎಲ್60ಇಯ 3-4 ಕ್ಲಚ್ ಮೊದಲೇ ನಾಜೂಕು, ಅಲ್ವಾ.

ಒಳಹೋಗುವ ಗಾಳಿಯ ಬಿಸಿ ಅಳೆಯುವ ಐಎಟಿ ಸೆನ್ಸರ್ ಇರುವುದು ಮ್ಯಾಫ್ ಒಳಗೇ, ಬ್ಲೋವರ್‌ಗಿಂತ ಮೊದಲು. ಅಲ್ಲಿ 38 ಡಿಗ್ರಿ ತೋರಿಸುವಾಗ ಮ್ಯಾನಿಫೋಲ್ಡ್ ಒಳಗೆ ಗಾಳಿ ಕುದಿಯುತ್ತಿರುತ್ತದೆ. ಹಾಗಾಗಿ ಬೇರೆ ಸೆನ್ಸರ್ ಒಂದನ್ನು ಬ್ಲೋವರ್ ಆದಮೇಲೆ ಕೂರಿಸಿ ವೈರ್ ಅಲ್ಲಿಗೆ ಎಳೆದೆ. ಬ್ಲೋವರ್ ಕೂರಿಸುವ ಮುಂಚೆಯೇ ಕೆಳಗಿನ ಎರಡೂ ನಾಕ್ ಸೆನ್ಸರ್ (ಇಂಧನ ಅಕಾಲದಲ್ಲಿ ಸಿಡಿಯುವುದನ್ನು ಹಿಡಿಯುವಂಥದ್ದು) ಹೊಸದು ಹಾಕಿದ್ದೆ, ಆಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ.

ಟ್ಯೂನಿಂಗ್‌ನಲ್ಲಿ ಮೊದಲು ಇಂಧನ, ಆಮೇಲೆ ಸ್ಪಾರ್ಕ್. ಪಿಸಿಎಂ ತಾನೇ ಇಂಧನ ತಿದ್ದಿಕೊಳ್ಳುವ ಫ್ಯುಯೆಲ್ ಟ್ರಿಮ್ ಆಫ್ ಮಾಡಿ, ವೈಡ್‌ಬ್ಯಾಂಡ್ ಅನ್ನು ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮುಂದೆ ಹಾಕಿ, ಲಾಗ್ ಮಾಡುತ್ತಾ ಓಡಿಸುವುದು. ಎಲ್ಲವನ್ನೂ ಲ್ಯಾಂಬ್ಡಾದಲ್ಲೇ ನೋಡಿದೆ (ಗಾಳಿ-ಇಂಧನ ಸರಿ ಅನುಪಾತದಲ್ಲಿದ್ದರೆ 1, ಇಂಧನ ಹೆಚ್ಚಾದರೆ ಅದಕ್ಕಿಂತ ಕಡಿಮೆ), ಯಾಕೆಂದರೆ ಇಲ್ಲಿನ ಬಂಕ್‌ನಲ್ಲಿ ಸಿಗುವುದು 10% ಎಥನಾಲ್ ಇರುವ ಪೆಟ್ರೋಲ್, ಅದರ ಸರಿ ಅನುಪಾತ 14.7 ಅಲ್ಲ, ಸುಮಾರು 14.1. ವಿಇ ಟೇಬಲ್‌ನ ಒಂದು ಕೋಶ ಹೇಳುತ್ತೇನೆ. 2800 ಆರ್‌ಪಿಎಂ, 140 ಕಿಲೋಪಾಸ್ಕಲ್. ನಾನು ಕೇಳಿದ್ದು ಲ್ಯಾಂಬ್ಡಾ 0.82, ವೈಡ್‌ಬ್ಯಾಂಡ್ ತೋರಿಸಿದ್ದು 0.90. ಭಾಗಿಸಿದರೆ 1.10, ಅಂದರೆ ಆ ಕೋಶದ ವಿಇ 10% ಏರಬೇಕು. ಲೀನ್ (ಇಂಧನ ಕಡಿಮೆ) ಇದ್ದರೆ ಪೂರ್ತಿ ತಿದ್ದುತ್ತೇನೆ, ರಿಚ್ (ಇಂಧನ ಹೆಚ್ಚು) ಇದ್ದರೆ ಅರ್ಧ ಮಾತ್ರ. ಅಕ್ಕಪಕ್ಕದ ಕೋಶಗಳನ್ನೂ ಒಂದಿಷ್ಟು ಎಳೆದು ಟೇಬಲ್‌ನಲ್ಲಿ ಗುಂಡಿ ಬೀಳದ ಹಾಗೆ ನೋಡಿಕೊಳ್ಳಬೇಕು.

ಇಲ್ಲೇ ಇನ್ನೊಂದು ಮಾತು. ಕಂಪನಿ ಫೈಲ್‌ನಲ್ಲಿ ಹೆಚ್ಚು ಇಂಧನ ಕೊಡುವ ಪವರ್ ಎನ್‌ರಿಚ್‌ಮೆಂಟ್ ಶುರುವಾಗುವುದು ಆಕ್ಸಿಲರೇಟರ್ ಚೆನ್ನಾಗಿ ತುಳಿದ ಮೇಲೆ. ರೂಟ್ಸ್ ಬ್ಲೋವರ್‌ನಲ್ಲಿ ಅರ್ಧ ತುಳಿದರೂ ಬೂಸ್ಟ್ ಬಂದಿರುತ್ತದೆ. ಆಗ ಟ್ರಕ್ ಬೂಸ್ಟ್‌ನಲ್ಲಿ ಲ್ಯಾಂಬ್ಡಾ 1.0 ಹಿಡಿದುಕೊಂಡು ಗುಡ್ಡ ಏರುತ್ತಿರುತ್ತದೆ, ಟ್ರೈಲರ್ ಎಳೆಯುವಾಗ ಇದು ಪಿಸ್ಟನ್‌ಗೆ ಯಮ. ಕಸ್ಟಮ್ ಸಿಸ್ಟಮ್‌ನಲ್ಲಿ ಬೂಸ್ಟ್‌ಗೇ ಬೇರೆ ಇಂಧನ ಟೇಬಲ್ ಇದೆ. 100 ಕಿಲೋಪಾಸ್ಕಲ್ ದಾಟುತ್ತಿದ್ದಂತೆ ರಿಚ್ ಆಗುತ್ತಾ ಹೋಗಿ 120ರ ಹೊತ್ತಿಗೆ 0.82 ತಲುಪುವ ಹಾಗೆ ಬರೆದೆ.

ಪೂರ್ತಿ ಥ್ರಾಟಲ್ ಕೆಲಸವನ್ನು ರಸ್ತೆಯಲ್ಲಿ ಮಾಡಲಿಲ್ಲ, ಬಾಡಿಗೆ ಡೈನೋದಲ್ಲಿ (ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮಾಡಿದೆ. ಬೂಸ್ಟ್‌ನಲ್ಲಿ ಟೈಮಿಂಗ್ 12 ಡಿಗ್ರಿಯಿಂದ ಶುರು ಮಾಡಿ ಒಂದೊಂದೇ ಏರಿಸಿದೆ. 16ರ ಮೇಲೆ ಶಕ್ತಿ ಹೆಚ್ಚುವುದು ನಿಂತಿತು, ಅಲ್ಲಿಂದ ಒಂದು ಡಿಗ್ರಿ ಹಿಂದೆ ಬಂದು 15ಕ್ಕೆ ಬಿಟ್ಟೆ. ಇದು 93 ಆಕ್ಟೇನ್‌ಗೆ. ಊರಿನವರು ಓದುತ್ತಿದ್ದರೆ ಗಮನಿಸಿ, ಇಲ್ಲಿನ ಸಂಖ್ಯೆ ಎರಡು ವಿಧದ ಆಕ್ಟೇನ್‌ಗಳ ಸರಾಸರಿ. ಬೆಂಗಳೂರಿನ ಬಂಕ್‌ಗಳು ಬರೆಯುವ ಆರ್‌ಓಎನ್ ಲೆಕ್ಕದಲ್ಲಿ ಇದು 97-98ರ ಹತ್ತಿರ. ಅಲ್ಲಿನ ಮಾಮೂಲಿ ಪೆಟ್ರೋಲ್‌ಗೆ ಈ ಟೇಬಲ್ ಹಾಕಲೇಬೇಡಿ.

ಕೊನೆಗೆ ಬಾಕಿ ಉಳಿದಿದ್ದು ಬಿಸಿಲು. ಆಗಸ್ಟ್ ಟ್ರಾಫಿಕ್‌ನಲ್ಲಿ ಮ್ಯಾನಿಫೋಲ್ಡ್ ಗಾಳಿ 70 ಡಿಗ್ರಿ ಮುಟ್ಟಿದರೆ ಐಎಟಿ ಟೇಬಲ್ ತಾನೇ 4 ಡಿಗ್ರಿ ಟೈಮಿಂಗ್ ಕೀಳುತ್ತದೆ, ಟ್ರಕ್ ಸ್ವಲ್ಪ ಮಂಕಾಗುತ್ತದೆ. ಅದನ್ನು ಹಾಗೇ ಬಿಟ್ಟಿದ್ದೇನೆ. ಇಂಟರ್‌ಕೂಲರ್ ಕಿಟ್ ಕೈಗೆಟುಕುವ ಬೆಲೆಗೆ ಸಿಕ್ಕರೆ ಸ್ಪಾರ್ಕ್ ಟೇಬಲ್ ಮತ್ತೆ ತೆರೆಯುತ್ತೇನೆ, ಸದ್ಯಕ್ಕೆ ಮುಟ್ಟುವುದಿಲ್ಲ.