ಸ್ಕ್ಯಾನರ್ ಒಳಗೆ ಗಮನ ಜಾರುವ ಹೊತ್ತು

ಎಂಆರ್‌ಐ ಸ್ಕ್ಯಾನರ್‌ನಲ್ಲಿ ಮಲಗಿದವರ ಗಮನ ಯಾವಾಗ ಜಾರಿತು ಅಂತ ಹಿಡಿಯೋದು ನನ್ನ ಕೆಲಸ. ಮಾಡಿದ ತಪ್ಪುಗಳನ್ನು ಎಣಿಸಿದರೆ ಸಾಕು ಅಂತ ಮೊದಲು ಅಂದುಕೊಂಡಿದ್ದೆ.

ನಾನು ಬಳಸೋದು ನಗರ–ಬೆಟ್ಟದ ಪರೀಕ್ಷೆ. ಕಪ್ಪು-ಬಿಳುಪು ಚಿತ್ರಗಳು ಒಂದರೊಳಗೊಂದು ಕರಗುತ್ತಾ ಬರುತ್ತವೆ, ಒಂದೊಂದಕ್ಕೆ 800 ಮಿಲಿಸೆಕೆಂಡ್. ನಗರ ಕಂಡರೆ ಬಟನ್ ಒತ್ತಬೇಕು, ಬೆಟ್ಟ ಕಂಡರೆ ಸುಮ್ಮನಿರಬೇಕು. ಹತ್ತರಲ್ಲಿ ಒಂದು ಮಾತ್ರ ಬೆಟ್ಟ. ಚಿತ್ರ ತಟ್ಟನೆ ಬದಲಾದರೆ ಆ ಬದಲಾವಣೆಯೇ ಕಣ್ಣು ಸೆಳೆದುಬಿಡುತ್ತೆ. ಮೆಲ್ಲಗೆ ಕರಗಿದರೆ ಗಮನವನ್ನು ನಾವೇ ಹಿಡಿದಿಟ್ಟುಕೊಳ್ಳಬೇಕು, ಅಲ್ವಾ?

ಬೇರೆಯವರನ್ನು ಕೂರಿಸುವ ಮೊದಲು ನಾನೇ ಒಳಗೆ ಮಲಗಿದೆ. ಕಿವಿಗೆ ಹತ್ತಿಯಂಥ ಪ್ಲಗ್, ತಲೆಯ ಎರಡೂ ಪಕ್ಕ ಸ್ಪಂಜು, ಕಣ್ಣಿನ ಮೇಲೊಂದು ಪುಟ್ಟ ಕನ್ನಡಿ. ಪರದೆ ಕಾಣೋದು ಅದರಲ್ಲೇ. ಮೂರು ನಿಮಿಷ ಆಗುವಷ್ಟರಲ್ಲಿ ಬೆರಳು ತಾನಾಗಿ ಒತ್ತುತ್ತಿತ್ತು. ಬೆಟ್ಟ ಬಂತು. ಬೆಟ್ಟ ಅಂತ ಗೊತ್ತೂ ಆಯಿತು. ಆದರೂ ಒತ್ತಿಬಿಟ್ಟಿದ್ದೆ.

8 ನಿಮಿಷಕ್ಕೆ 600 ಚಿತ್ರ, ಅದರಲ್ಲಿ ಬೆಟ್ಟ ಸುಮಾರು 60. ತಪ್ಪು ಇನ್ನೂ ಕಡಿಮೆ. ಅಷ್ಟರಿಂದ ಏನೂ ತಿಳಿಯಲ್ಲ. ಹಾಗಾಗಿ ಬಟನ್ ಒತ್ತಿದ ವೇಳೆ ನೋಡತೊಡಗಿದೆ. ಕೆಲವು ಹೊತ್ತು ಒತ್ತು ಒಂದೇ ಲಯದಲ್ಲಿರುತ್ತೆ, ಕೆಲವು ಹೊತ್ತು ಬೇಗ, ತಡ, ಮತ್ತೆ ಬೇಗ. ಈ ಏರುಪೇರಿನ ಹೊತ್ತಿನಲ್ಲೇ ತಪ್ಪು ಜಾಸ್ತಿ. ಮಿದುಳಿನ ಚಿತ್ರಗಳನ್ನೂ ಹೀಗೇ ಎರಡು ಪಾಲು ಮಾಡಿ ಹೋಲಿಸುತ್ತೇನೆ. ಸ್ಕ್ಯಾನರ್ ಅಳೆಯೋದು ರಕ್ತದ ಆಮ್ಲಜನಕದ ಬದಲಾವಣೆಯನ್ನು. ಮಿದುಳು ಚುರುಕಾದ ಮೇಲೆ ಅದು ಏರೋಕೆ ಐದಾರು ಸೆಕೆಂಡ್ ಬೇಕು. ಆ ತಡವನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ನನ್ನನ್ನು ಬೆರಗುಗೊಳಿಸಿದ್ದು ಡಿಫಾಲ್ಟ್ ಮೋಡ್ ಜಾಲ. ಮನಸ್ಸು ಅಲೆಯುವಾಗ ಚುರುಕಾಗುವ ಮಿದುಳಿನ ಭಾಗಗಳು ಅಂತ ಓದಿದ್ದೆ. ಆದರೆ ಈ ಪರೀಕ್ಷೆಯಲ್ಲಿ ಲಯ ಚೆನ್ನಾಗಿರುವಾಗಲೇ ಅದರ ಚಟುವಟಿಕೆ ಹೆಚ್ಚು. 2013ರಲ್ಲಿ ಸಂಶೋಧಕ ಎಸ್ಟರ್‌ಮನ್ ಮತ್ತು ಜೊತೆಗಾರರು ತೋರಿಸಿದ್ದೂ ಇದನ್ನೇ. ಒದ್ದಾಡಿಕೊಂಡು ಗಮನ ಕೊಡೋದೇ ಒಳ್ಳೆಯ ಗಮನ ಅನ್ನೋ ನನ್ನ ನಂಬಿಕೆ ಅಲ್ಲಿಗೆ ಅಲುಗಾಡಿತು.

ಒಂದು ಸಲ ಮಾತ್ರ ಪೂರಾ ಕೆಲಸ ಹಾಳಾಯಿತು. ಕೋಣೆ ತಣ್ಣಗಿತ್ತು, ಪಾಪ ಅಂತ ಒಳಗೆ ಮಲಗಿದವರಿಗೆ ದಪ್ಪ ಕಂಬಳಿ ಹೊದಿಸಿದ್ದೆ. ಕಣ್ಣು ತೆರೆದಿದೆಯಾ ಅಂತ ನೋಡುವ ಕ್ಯಾಮೆರಾ ಹಾಕಿರಲಿಲ್ಲ. ಆಮೇಲೆ ಅವರೇ ಹೇಳಿದರು, 'ನಡುವೆ ನಿದ್ದೆ ಹೋಗಿದ್ದೆ.' ಗಮನ ಜಾರೋದು ಬೇರೆ, ತೂಕಡಿಕೆ ಬೇರೆ. ಎರಡನ್ನೂ ಬಿಡಿಸುವ ದಾರಿ ನನ್ನ ಹತ್ತಿರ ಇರಲಿಲ್ಲ, ಆ ದತ್ತಾಂಶ ಬಿಟ್ಟೆ. ಈಗ ಕ್ಯಾಮೆರಾ ಇಲ್ಲದೆ ಶುರು ಮಾಡಲ್ಲ. ಪ್ರತಿ ಸುತ್ತು ಮುಗಿದಾಗ ಮೈಕ್‌ನಲ್ಲಿ ಮಾತಾಡಿಸುತ್ತೇನೆ. ಕಂಬಳಿ ಕಾಲಿಗೆ ಮಾತ್ರ.